ಮೊಮ್ಮಕ್ಕಳಲ್ಲಿ ಕಂಡ ಗಾಯ

೧೯೪೦ರ ನವೆಂಬರ್ ತಿಂಗಳು. ಜರ್ಮನಿಯ ವಿಮಾನಗಳು ಬ್ರಿಟನ್ನಿನ ನಗರಗಳ ಮೇಲೆ ಬಾಂಬುಗಳನ್ನು ಸುರಿಸುತ್ತಿದ್ದ ಕಾಲ. ಎಡಿನ್‌ಬರೋ ವಿಶ್ವವಿದ್ಯಾನಿಲಯದ ಔಷಧಶಾಸ್ತ್ರ ವಿಭಾಗದ ಮಾಳಿಗೆಯ ಮೇಲೆ ನಲವತ್ತೊಂದು ವರ್ಷದ ಮಹಿಳೆಯೊಬ್ಬರು ಹಣ್ಣಿನ ನೊಣಗಳಿಗೆ ವಿಷಾನಿಲವನ್ನು ತಗುಲಿಸುತ್ತಿದ್ದರು. ಅವರ ಹೆಸರು ಷಾರ್ಲೋಟ್ ಆವರ್‌ಬಾಖ್. ಆ ಬಾಂಬುಗಳನ್ನು ಕಳುಹಿಸುತ್ತಿದ್ದ ದೇಶವೇ ಅವರ ತಾಯ್ನಾಡು. ಬರ್ಲಿನ್ನಿನ ಶಾಲೆಗಳಲ್ಲಿ ಪಾಠ ಹೇಳುತ್ತಿದ್ದ ಅವರು ಯೆಹೂದಿಯೆಂಬ ಒಂದೇ ಕಾರಣಕ್ಕೆ ೧೯೩೩ರಲ್ಲಿ ಕೆಲಸ ಕಳೆದುಕೊಂಡಿದ್ದರು. ಸ್ಕಾಟ್ಲೆಂಡಿಗೆ ಬಂದು, ೧೯೩೫ರಲ್ಲಿ ಡಾಕ್ಟರೇಟ್ ಪದವಿ ಪಡೆದು, ಅಲ್ಪ ಸಂಬಳಕ್ಕೆ ಅಲ್ಲಿನ ಪ್ರಾಣಿ ತಳಿಶಾಸ್ತ್ರ ಸಂಸ್ಥೆಯಲ್ಲಿ ದುಡಿಯುತ್ತಿದ್ದರು.

ಸಂಸ್ಥೆಯ ಮುಖ್ಯಸ್ಥ ಕ್ರೂ ಅವರು ಒಮ್ಮೆ ಆಕೆಯನ್ನು ಕರೆದು, ಅಲ್ಲಿಗೆ ಬಂದಿದ್ದ ಹರ್ಮನ್ ಮುಲ್ಲರ್ ಅವರಿಗೆ ಜೀವಕೋಶಗಳ ಪರೀಕ್ಷೆ ಮಾಡಿಕೊಡುವಂತೆ ಹೇಳಿದ್ದುಂಟು. ಕ್ಷ-ಕಿರಣಗಳಿಂದ ವಂಶವಾಹಿಗಳು ಮಾರ್ಪಡುವುದನ್ನು ೧೯೨೭ರಲ್ಲಿ ತೋರಿಸಿಕೊಟ್ಟ ಪಂಡಿತ ಈ ಮುಲ್ಲರ್. ಆಶ್ರಯ ಬೇಡಿ ಬಂದವರು ಇಂಥ ಮಾತಿಗೆ ತಲೆಬಾಗುವುದೇ ಲೋಕರೂಢಿ. ಆಕೆ ಒಲ್ಲೆನೆಂದರು! ಮುಲ್ಲರ್ ಕೋಪಗೊಳ್ಳಲಿಲ್ಲ. ಆಕೆಯ ಆಸಕ್ತಿ ವಂಶವಾಹಿಯ ಸ್ವರೂಪದಲ್ಲಿದೆಯೆಂದು ತಿಳಿದು, ರಾಸಾಯನಿಕಗಳು ಅದನ್ನು ಮಾರ್ಪಡಿಸಬಲ್ಲವೇ ಎಂಬುದನ್ನು ಪರೀಕ್ಷಿಸುವಂತೆ ಸೂಚಿಸಿದರು.

ಕ್ಯಾನ್ಸರ್ ತರುವ ವಸ್ತುಗಳೊಡನೆ ನಡೆಸಿದ ಮೊದಲ ಪ್ರಯೋಗಗಳು ಫಲ ಕೊಡಲಿಲ್ಲ. ಸುಳಿವು ದೊರೆತದ್ದು ಔಷಧಶಾಸ್ತ್ರಜ್ಞರಾದ ಕ್ಲಾರ್ಕ್ ಮತ್ತು ರಾಬ್ಸನ್ ಅವರಿಂದ. ೧೯೧೭ರಲ್ಲಿ ಬೆಲ್ಜಿಯಂನ ರಣಾಂಗಣದಲ್ಲಿ ಮೊದಲು ಬಳಕೆಯಾದ ‘ಸಾಸಿವೆ ಅನಿಲ’ ತಾಗಿದರೆ ಕೂಡಲೇ ನೋವಿಲ್ಲ. ಕೆಲವು ಗಂಟೆಗಳ ಮೇಲೆ ಬೊಬ್ಬೆಗಳೇಳುತ್ತವೆ, ಹುಣ್ಣು ಬೇಗನೆ ಮಾಯುವುದಿಲ್ಲ. (ಹೆಸರು ಹೀಗಿದ್ದರೂ ಇದನ್ನು ಸಾಸಿವೆಯಿಂದ ತಯಾರಿಸುವುದಿಲ್ಲ.) ಕ್ಷ-ಕಿರಣದಿಂದಾದ ಸುಟ್ಟಗಾಯದ ಲಕ್ಷಣವೂ ಇಂಥದೇ. ಗಾಯಗಳು ಒಂದೇ ಬಗೆಯವಾದರೆ ವಂಶವಾಹಿಗೆ ತಟ್ಟುವ ಪೆಟ್ಟೂ ಒಂದೇ ಆಗಿರಬಾರದೇಕೆ?

ಅದನ್ನು ಕಂಡುಹಿಡಿಯುವ ಬಗೆ ಸ್ವಾರಸ್ಯವಾದುದು. ಅನಿಲ ತಾಗಿಯೂ ಬದುಕುಳಿದ ಗಂಡು ನೊಣದ ಮೈನೋಡಿ ಏನನ್ನೂ ಹೇಳುವಂತಿಲ್ಲ. ಅದರ ಮಗಳೂ ಆರೋಗ್ಯವಾಗಿಯೇ ಇರಬಹುದು. ತಂದೆಯಿಂದೊಂದು ತಾಯಿಯಿಂದೊಂದು ಎಂದು ಎರಡು ಎಕ್ಸ್ ವರ್ಣತಂತುಗಳಿರುವುದರಿಂದ ಒಂದರ ಕೇಡನ್ನು ಮತ್ತೊಂದು ಮರೆಸುತ್ತದೆ. ಆ ಮಗಳ ಗಂಡು ಸಂತಾನಕ್ಕಾದರೋ ಇರುವುದು ಒಂದೇ. ತಾತನಿಂದ ಬಂದ ಆ ಎಳೆಗೆ ಮಾರಕವಾದ ಕೇಡು ತಟ್ಟಿದ್ದರೆ ಗಂಡು ಮರಿ ನೊಣವಾಗುವ ಮೊದಲೇ ಸಾಯುತ್ತದೆ. ಮುಲ್ಲರ್ ಬೆಳೆಸಿದ್ದ ವಿಶೇಷ ತಳಿಯಲ್ಲಿ ಮಗಳಿಗೆ ತಾಯಿಯಿಂದ ಬರುವ ಎಳೆಯೂ ಗಂಡಿಗೆ ಮಾರಕ. ಆದ್ದರಿಂದ ಲೆಕ್ಕ ಸುಲಭ: ಮೊಮ್ಮಕ್ಕಳ ಸೀಸೆಯಲ್ಲಿ ಗಂಡು ನೊಣ ಒಂದೂ ಕಾಣದಿದ್ದರೆ ತಾತನ ಬೀಜಕ್ಕೆ ಪೆಟ್ಟು ಬಿದ್ದಿದೆ.

ಸೀಸೆಯ ಮೇಲೆ ಸೀಸೆ ಎಣಿಸಿದಂತೆ ಗಂಡಿಲ್ಲದ ಸಂಸಾರಗಳು ಹೆಚ್ಚುತ್ತ ಹೋದವು. ಅನಿಲ ತಾಗದ ನೊಣಗಳಲ್ಲಿ ಇವು ತೀರ ಅಪರೂಪ. ಇಲ್ಲಿ ಅದರ ಎಷ್ಟೋ ಪಟ್ಟು. ಅತ್ತ ಆವರ್‌ಬಾಖ್ ಅವರ ಕೈಗಳು ಸುಟ್ಟು ಹೋಗಿದ್ದವು. ಇನ್ನು ಮುಂದೆ ಅನಿಲವನ್ನು ಮುಟ್ಟಕೂಡದೆಂದು ವೈದ್ಯರು ಎಚ್ಚರಿಸಿದರು. ಆಕೆ ಎಣಿಕೆಯನ್ನು ಬಿಡಲಿಲ್ಲ. ೧೯೪೧ರ ಜೂನ್ ತಿಂಗಳಲ್ಲಿ, ಆ ವೇಳೆಗೆ ಅಮೆರಿಕ ಸೇರಿದ್ದ ಮುಲ್ಲರ್ ಅವರಿಂದ ಅಭಿನಂದನೆಯ ತಂತಿ ಬಂದಿತು.

ಆದರೆ ಲೋಕಕ್ಕೆ ಹೇಳುವಂತಿರಲಿಲ್ಲ. ಯುದ್ಧದ ಅನಿಲ, ಯುದ್ಧದ ಗುಟ್ಟು. ‘ನೇಚರ್’ ಪತ್ರಿಕೆಯಲ್ಲಿ ಆವರ್‌ಬಾಖ್ ಮತ್ತು ರಾಬ್ಸನ್ ಅವರ ವರದಿ ಅಚ್ಚಾದುದು ೧೯೪೬ರಲ್ಲಿ. ಅದೇ ವರ್ಷ ರಷ್ಯದ ರಾಪೊಪೋರ್ಟ್, ಯುದ್ಧದಲ್ಲಿ ಒಂದು ಕಣ್ಣನ್ನು ಕಳೆದುಕೊಂಡು ಬಂದವರು, ಫಾರ್ಮಾಲ್ಡಿಹೈಡ್ ಕುರಿತು ಇಂಥದೇ ಫಲಿತಾಂಶವನ್ನು ಪ್ರಕಟಿಸಿದರು. ಆವರ್‌ಬಾಖ್ ಅವರಿಗೆ ೧೯೫೭ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಲಭಿಸಿತು. ತೊಂಬತ್ತನಾಲ್ಕು ವರ್ಷ ಬಾಳಿ ೧೯೯೪ರಲ್ಲಿ ತೀರಿಕೊಂಡರು.

ಸಾಸಿವೆ ಅನಿಲದ ಸೋದರ ರಾಸಾಯನಿಕಗಳನ್ನು ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ವೈದ್ಯರು ೧೯೪೨ರಲ್ಲೇ ಕ್ಯಾನ್ಸರ್ ರೋಗಿಯೊಬ್ಬನ ಮೇಲೆ ಪ್ರಯೋಗಿಸಿದ್ದರು. ಬೇಗ ಬೇಗ ಒಡೆದು ಬೆಳೆಯುವ ಕೋಶಗಳ ವಂಶವಾಹಿಗೆ ಪೆಟ್ಟು ಕೊಟ್ಟರೆ ಗೆಡ್ಡೆ ಕುಗ್ಗುತ್ತದೆ. ಆ ಕುಲದ ಸೈಕ್ಲೋಫಾಸ್ಫಮೈಡ್ ಇಂದಿಗೂ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಅದನ್ನು ಸಿದ್ಧಪಡಿಸುವ ದಾದಿಯರು ಕೈಗವಸು ತೊಟ್ಟೇ ಮುಟ್ಟುತ್ತಾರೆ.