ಕ್ಯಾಲ್ಕುಲೇಟರ್‌ನಲ್ಲಿ ಮುಗಿಯದ್ದು ಕೈವಾರಕ್ಕೆ ಸಿಕ್ಕಿತು

ಕಳೆದ ಭಾನುವಾರ ಅಕ್ಕನ ಮನೆಗೆ ಹೋಗಿದ್ದೆ. ಒಂಬತ್ತನೇ ಕ್ಲಾಸಿನಲ್ಲಿರೋ ಅವಳ ಮಗಳು ಗಣಿತದ ಪುಸ್ತಕ ಹಿಡಿದು ಬಂದಳು. "ಮಾಮ, √2 ಅನ್ನು ಸಂಖ್ಯಾರೇಖೆ ಮೇಲೆ ಗುರುತಿಸಬೇಕಂತೆ. ಹೇಗೆ?"

ಇಂಜಿನಿಯರ್ ಮಾಮ ಅಲ್ವಾ! ಫೋನ್ ತೆಗೆದು ಕ್ಯಾಲ್ಕುಲೇಟರ್ ಒತ್ತಿದೆ. "1.41421356... ಅಂತಿದೆ. 1.4ರಿಂದ ಸ್ವಲ್ಪ ಮುಂದೆ ಚುಕ್ಕಿ ಇಡು, ಸಾಕು" ಅಂದೆ.

ಅವಳು ಇಡಲಿಲ್ಲ. "ಸ್ವಲ್ಪ ಅಂದ್ರೆ ಎಷ್ಟು? ಅಂಕಿಗಳು ಮುಗಿಯೋದೇ ಇಲ್ಲ ಅಂದ್ರೆ ಅದಕ್ಕೆ ಸರಿಯಾದ ಜಾಗಾನೇ ಇಲ್ವಾ?"

ನನಗೆ ಉತ್ತರ ಹೊಳೆಯಲಿಲ್ಲ. ದಿನವಿಡೀ ಕೋಡ್ ಬರೆಯೋ ನನಗೆ √2 ಅಂದ್ರೆ "ಸುಮಾರು 1.414" ಅಂತಲೇ ಆಗಿಹೋಗಿತ್ತು. ಕಂಪ್ಯೂಟರ್‌ಗೂ ಅಷ್ಟೇ. √2 ಅನ್ನು √2ರಿಂದ ಗುಣಿಸು ಅಂದ್ರೆ ಜಾವಾಸ್ಕ್ರಿಪ್ಟ್ 2 ಅನ್ನೋದಿಲ್ಲ, 2.0000000000000004 ಅನ್ನುತ್ತೆ. ಅಂಕಿಗಳನ್ನು ಎಲ್ಲೋ ಒಂದು ಕಡೆ ಕತ್ತರಿಸಲೇಬೇಕಲ್ಲ!

ಕೊನೆಗೆ ಅವಳ ಜ್ಯಾಮಿಟ್ರಿ ಬಾಕ್ಸೇ ಗತಿಯಾಯ್ತು. ನೆಲದ ಮೇಲೆ ಕೂತು ಹೀಗೆ ಮಾಡಿದೆವು:

1. ಒಂದು ಗೆರೆ ಎಳೆದು, ಸೊನ್ನೆಯಿಂದ 1ಕ್ಕೆ 5 ಸೆಂ.ಮೀ. ಇಟ್ಟುಕೊಂಡೆವು.

2. 1ರ ಮೇಲೆ ನೇರವಾಗಿ 5 ಸೆಂ.ಮೀ. ಎತ್ತರದ ಲಂಬ ಎಳೆದೆವು.

3. ಲಂಬದ ತುದಿಯನ್ನು ಸೊನ್ನೆಗೆ ಸೇರಿಸಿದೆವು. ಪೈಥಾಗೊರಸ್ ಪ್ರಮೇಯದ ಪ್ರಕಾರ ಈ ವಿಕರ್ಣದ ವರ್ಗ 1 + 1 = 2. ಅಂದ್ರೆ ಅದರ ಉದ್ದವೇ √2.

4. ಕೈವಾರದ ಮುಳ್ಳನ್ನು ಸೊನ್ನೆ ಮೇಲಿಟ್ಟು, ವಿಕರ್ಣದಷ್ಟು ಅಗಲಿಸಿ, ಕೆಳಗಿನ ಗೆರೆಗೆ ಕಂಸ ಎಳೆದೆವು. ಅದು ಗೆರೆಯನ್ನು ಕತ್ತರಿಸಿದ ಜಾಗವೇ √2.

ಇನ್ನು √2ರ ಮೇಲೆ ಮತ್ತೆ 5 ಸೆಂ.ಮೀ. ಲಂಬ ಎತ್ತಿ ಇದನ್ನೇ ಮಾಡಿದರೆ √3 ಸಿಗುತ್ತೆ, ಯಾಕಂದ್ರೆ 2 + 1 = 3. ಅದರ ಮೇಲೆ ಇನ್ನೊಂದು ಸಲ ಮಾಡಿದರೆ √4, ಅಂದ್ರೆ 2. ಅದು ಸೊನ್ನೆಯಿಂದ ಸರಿಯಾಗಿ 10 ಸೆಂ.ಮೀ.ಗೆ ಬರಲೇಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದೇ ಟೆಸ್ಟ್ ಕೇಸ್! ಮೊದಲ ಸಲ ಫೇಲ್: 2 ಮಿ.ಮೀ. ಆಚೆ ಬಿತ್ತು. ನಾನು ಅಂದಾಜಿನಲ್ಲಿ ಎಳೆದ ಲಂಬ ಓರೆಯಾಗಿತ್ತು. ಅವಳು ಮೂಲೆಮಟ್ಟ ಇಟ್ಟು ಮತ್ತೆ ಎಳೆದಳು, ಪಾಸ್.

ಪೆನ್ಸಿಲ್ ಮೊನೆ ದಪ್ಪ ಇರಬಹುದು, ಕೈ ಅಲುಗಬಹುದು. ಅದು ನಮ್ಮ ಕೊರತೆ. ವಿಧಾನದೊಳಗೆ ಮಾತ್ರ "ಸುಮಾರು" ಅನ್ನೋದೇ ಇಲ್ಲ.

√7 ಬೇಕಾದರೆ ಆರು ಸಲ ಹೀಗೆ ಮಾಡಬೇಕಿಲ್ಲ. 7 + 1 = 8 ಸೆಂ.ಮೀ. ಗೆರೆ ಎಳೆದು, ಅದರ ಮೇಲೆ ಅರ್ಧವೃತ್ತ ಬರೆಯಿರಿ. 7ನೇ ಸೆಂ.ಮೀ. ಹತ್ತಿರ ಲಂಬ ಎತ್ತಿ. ಅದು ಅರ್ಧವೃತ್ತವನ್ನು ಮುಟ್ಟುವ ಎತ್ತರ √7 ಸೆಂ.ಮೀ. ಕಾರಣ ಸರಳ: ತ್ರಿಜ್ಯ 4, ಕೇಂದ್ರದಿಂದ ಲಂಬಕ್ಕೆ ದೂರ 3, ಮತ್ತೆ 16 − 9 = 7. ಆ ಎತ್ತರವನ್ನು ಕೈವಾರದಲ್ಲಿ ಹಿಡಿದು, ಸೊನ್ನೆಯಿಂದ 1ಕ್ಕೆ 1 ಸೆಂ.ಮೀ. ಇಟ್ಟುಕೊಂಡ ಸಂಖ್ಯಾರೇಖೆಗೆ ಇಳಿಸಿದರಾಯ್ತು.

ನಮ್ಮ ಹಿರಿಯರಿಗೆ ಈ ಎರಡೂ ದಾರಿ ಗೊತ್ತಿತ್ತು. ಶುಲ್ಬ ಅಂದ್ರೆ ಹಗ್ಗ. ಚೌಕದ ಕರ್ಣಕ್ಕೆ ಹಿಡಿದ ಹಗ್ಗದ ಮೇಲೆ ಇನ್ನೊಂದು ಚೌಕ ಕಟ್ಟಿದರೆ ಅದು ಎರಡರಷ್ಟು ದೊಡ್ಡದು ಅಂತ ಬೌಧಾಯನ ಶುಲ್ಬಸೂತ್ರ ಹೇಳುತ್ತೆ. ಲೆಕ್ಕಕ್ಕೆ ಬೇಕಾದಾಗ ಬಳಸೋಕೆ 577/408ಕ್ಕೆ ಸಮನಾದ ಬೆಲೆಯನ್ನೂ ಕೊಡುತ್ತೆ. ಇದು √2ಕ್ಕೆ ಐದು ದಶಮಾಂಶ ಸ್ಥಾನದವರೆಗೆ ಹೊಂದುತ್ತೆ. ಅಂಕಿ ಹತ್ತಿರ ತಲುಪಿಸಿತು, ಹಗ್ಗ ಅಲ್ಲಿಗೇ ಮುಟ್ಟಿಸಿತು.

ಕಂಸ ಕತ್ತರಿಸಿದ ಕಡೆ ಅವಳು ಚುಕ್ಕಿ ಇಟ್ಟು, ಕೆಳಗೆ √2 ಅಂತ ಬರೆದಳು. "ಜಾಗ ಸರಿಯಾಗೇ ಇದೆ ಮಾಮ. ಅಂಕಿಯಲ್ಲಿ ಬರೆಯೋಕೆ ಹೋದ್ರೆ ಮಾತ್ರ ಮುಗಿಯಲ್ಲ."

ನಿಮ್ಮ ಮನೆಯಲ್ಲೂ ಯಾರಾದರೂ ಈ ಪ್ರಶ್ನೆ ಹಿಡಿದು ಬಂದರೆ, ಫೋನ್ ಪಕ್ಕಕ್ಕಿಟ್ಟು ಕೈವಾರ ಹುಡುಕಿ.