ಅರವಟಿಗೆಯ ನೀರು, ಅರವಟಿಗೆಯ ಕೊಡ

ರಾಮನವಮಿಯ ದಿನ ಬೆಂಗಳೂರಿನ ಬೀದಿಗಳಲ್ಲಿ ಪಾನಕ, ನೀರುಮಜ್ಜಿಗೆಯ ಅರವಟಿಗೆಗಳು ಏಳುತ್ತವೆ. ಪೀಣ್ಯದ ಕಾರ್ಖಾನೆಯಿಂದ ಪಾಳಿ ಮುಗಿಸಿ ಬಂದವರು ಎರಡು ಲೋಟ ಕುಡಿದರೂ ಯಾರೂ ಲೆಕ್ಕ ಕೇಳುವುದಿಲ್ಲ. ಆದರೆ ಅದೇ ಮನುಷ್ಯ ಕೊಡವನ್ನೇ ಎತ್ತಿಕೊಂಡು ಹೊರಟರೆ? ಇಲ್ಲವೇ ನಾಲ್ಕು ಹೆಜ್ಜೆ ಆಚೆ ನಿಂತು, ಅದೇ ಪಾನಕಕ್ಕೆ ತನ್ನ ಹೆಸರಿನ ಬೋರ್ಡು ಹಾಕಿಕೊಂಡರೆ?

ಸೇವಾ ಸಂಸ್ಥೆಗಳು ಜಾಲತಾಣದಲ್ಲಿ ಬಿಟ್ಟಿಯಾಗಿ ಇಟ್ಟಿರುವ ಅರಿವಿಗೂ ಇದೇ ಮಾತು ಸಲ್ಲುತ್ತದೆ. ದುಡ್ಡು ಕೊಡಬೇಕಿಲ್ಲ ಎಂದ ಮಾತ್ರಕ್ಕೆ ಅದು ವಾರಸುದಾರರಿಲ್ಲದ ಮಾಲಲ್ಲ.

ಒಪ್ಪಿಗೆ ಎಲ್ಲಿ ಹುಟ್ಟುತ್ತದೆ?

ಇಂಥ ತಾಣಗಳ ತಳದಲ್ಲಿ 'ಬಳಕೆಯ ನಿಯಮಗಳು' ಎಂಬ ಸಾಲು ಇರುತ್ತದೆ. ಅದನ್ನು ಒತ್ತಿ ಓದುವವರು ಅಪರೂಪ. ಓದದೆಯೇ 'ಒಪ್ಪುತ್ತೇನೆ' ಎಂಬ ಗುಂಡಿ ಒತ್ತಿದರೂ ಅದು ಕರಾರಾಗಬಲ್ಲದು. ವಿದ್ಯುನ್ಮಾನ ರೂಪದಲ್ಲಿ ಆಯಿತೆಂಬ ಒಂದೇ ಕಾರಣಕ್ಕೆ ಕರಾರು ಬಿದ್ದುಹೋಗುವುದಿಲ್ಲ ಎಂದು 2000ದ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 10ಎ ಕಲಂ ಹೇಳುತ್ತದೆ. ಗುಂಡಿಯನ್ನೇ ಒತ್ತದೆ ಸುಮ್ಮನೆ ಪುಟ ನೋಡಿ ಹೋದವರ ಮೇಲೆ, ಅವರ ಕಣ್ಣಿಗೇ ಬೀಳದ ಷರತ್ತು ಹೇರುವುದು ಅಷ್ಟು ಸುಲಭವಲ್ಲ. ಆದರೆ ಕರಾರು ಇಲ್ಲದಿದ್ದರೂ ದೇಶದ ಕಾನೂನು ಇದ್ದೇ ಇರುತ್ತದೆ.

ಹೆಸರು ಹೇಳಿ ಹಂಚಿ

1957ರ ಕೃತಿಸ್ವಾಮ್ಯ ಕಾಯ್ದೆಯಡಿ ಬರಹ, ಚಿತ್ರ, ನಕ್ಷೆ ಹುಟ್ಟಿದ ಗಳಿಗೆಯಲ್ಲೇ ಹಕ್ಕೂ ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಸ್ವಂತ ಓದಿಗೆ, ಸಂಶೋಧನೆಗೆ, ವಿಮರ್ಶೆಗೆ ನ್ಯಾಯವಾದ ಮಟ್ಟಿಗೆ ಬಳಸಿಕೊಳ್ಳಲು 52ನೆಯ ಕಲಂ ಬಿಡುವು ಕೊಟ್ಟಿದೆ. ಅದಕ್ಕಿಂತ ಹೆಚ್ಚು ಬೇಕಾದರೆ ಪರವಾನಗಿ ನೋಡಬೇಕು.

ಬೆಂಗಳೂರಿನದೇ ಒಂದು ಉದಾಹರಣೆ ಇದೆ. 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್ ಎಂಬ ಲಾಭರಹಿತ ಪ್ರಕಾಶನ ಸಂಸ್ಥೆ, 2015ರಲ್ಲಿ ಸ್ಟೋರಿವೀವರ್ ಎಂಬ ಮಕ್ಕಳ ಕಥೆಗಳ ತಾಣ ತೆರೆಯಿತು. ಅಲ್ಲಿನ ಕಥೆಗಳಿಗೆ ಇರುವುದು ಕ್ರಿಯೇಟಿವ್ ಕಾಮನ್ಸ್‌ನ 'ಸಿಸಿ ಬಿವೈ' ಪರವಾನಗಿ. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನವರು ಅಲ್ಲಿಂದ ಕನ್ನಡ ಕಥೆ ಇಳಿಸಿಕೊಂಡು, ಪಕ್ಕದ ಅಂಗನವಾಡಿಗೆ ಅಚ್ಚು ಹಾಕಿಸಿ ಕೊಡಬಹುದು, ಅನುವಾದಿಸಬಹುದು, ಮಾರಲೂ ಬಹುದು. ಬರೆದವರು, ಚಿತ್ರ ಬಿಡಿಸಿದವರು, ಪ್ರಕಾಶಕರು ಯಾರೆಂದು ಹೇಳಬೇಕು, ಪರವಾನಗಿ ಯಾವುದೆಂದು ತಿಳಿಸಬೇಕು, ಬದಲಾವಣೆ ಮಾಡಿದ್ದರೆ ಅದನ್ನೂ ಸೂಚಿಸಬೇಕು. ಇದನ್ನು ಬಿಟ್ಟರೆ ಪರವಾನಗಿ ತಂತಾನೇ ಕೊನೆಯಾಗುತ್ತದೆ. ಅದರ 4.0 ಆವೃತ್ತಿಯಲ್ಲಿ ಒಂದು ದೊಡ್ಡ ಮನಸ್ಸೂ ಇದೆ: ತಪ್ಪು ಗೊತ್ತಾದ 30 ದಿನದೊಳಗೆ ತಿದ್ದಿಕೊಂಡರೆ ಹಕ್ಕು ಮರಳಿ ಬರುತ್ತದೆ.

ಎಲ್ಲರ ಷರತ್ತೂ ಇಷ್ಟು ಸಡಿಲವಲ್ಲ. ಕನ್ನಡ ವಿಕಿಪೀಡಿಯದ ಬರಹವನ್ನು ಮಾರ್ಪಡಿಸಿ ಪ್ರಕಟಿಸಿದರೆ, ನಿಮ್ಮ ಬರಹವನ್ನೂ ಅದೇ ಷರತ್ತಿನಲ್ಲಿ ಇತರರಿಗೆ ಬಿಟ್ಟುಕೊಡಬೇಕು. ಅಮೆರಿಕದ ಎಂಐಟಿಯ ಓಪನ್‌ಕೋರ್ಸ್‌ವೇರ್ ಪಾಠಗಳನ್ನು ಯಾರು ಬೇಕಾದರೂ ಕಲಿಯಬಹುದು, ವ್ಯಾಪಾರಕ್ಕೆ ಮಾತ್ರ ಬಳಸುವಂತಿಲ್ಲ. ಸಂಸ್ಥೆಯ ಲಾಂಛನದ ದಾರಿಯೇ ಬೇರೆ. ಕಥೆಗೆ ಸಿಕ್ಕ ಪರವಾನಗಿ ಲಾಂಛನಕ್ಕೆ ಅಂಟುವುದಿಲ್ಲ. ಲಾಂಛನ ಕದ್ದು, ಕ್ಯೂಆರ್ ಕೋಡ್ ಅಂಟಿಸಿ ದೇಣಿಗೆ ಎತ್ತಿದರೆ ಅದು ಕಂಪ್ಯೂಟರ್ ಬಳಸಿ ವೇಷಮರೆಸಿ ಮಾಡಿದ ವಂಚನೆ: ಐಟಿ ಕಾಯ್ದೆಯ 66ಡಿ ಕಲಮಿನಡಿ 3 ವರ್ಷದವರೆಗೆ ಸೆರೆ. ಹಾಗೆ ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ರಾತ್ರಿಯಿಡೀ ಓಡುವ ಸ್ಕ್ರಿಪ್ಟ್

ಎಲೆಕ್ಟ್ರಾನಿಕ್ ಸಿಟಿಯ ಪಿಜಿಯೊಂದರಲ್ಲಿ ಕುಳಿತ ಟೆಕ್ಕಿಗೆ ಒಂದು ತಾಣದ ಅಷ್ಟೂ ಮಾಹಿತಿ ಬೇಕಾಗಿದೆ ಎಂದುಕೊಳ್ಳಿ. ಹತ್ತು ಸಾಲಿನ ಸ್ಕ್ರಿಪ್ಟ್ ಬರೆದು ಮಲಗುತ್ತಾನೆ. ಸಣ್ಣ ಸಂಸ್ಥೆಯ ಬಡಪಾಯಿ ಸರ್ವರ್ ಬೆಳಗಾಗುವಷ್ಟರಲ್ಲಿ ಮಲಗಿರುತ್ತದೆ. ಇವನ ಮನಸ್ಸಿನಲ್ಲಿ ಕೆಡುಕಿಲ್ಲದಿರಬಹುದು. ಆದರೂ ಐಟಿ ಕಾಯ್ದೆಯ 43ನೆಯ ಕಲಂ ಅನುಮತಿಯಿಲ್ಲದೆ ದತ್ತಾಂಶ ಇಳಿಸಿಕೊಳ್ಳುವುದನ್ನೂ ವ್ಯವಸ್ಥೆಗೆ ಅಡ್ಡಿ ಮಾಡುವುದನ್ನೂ ಹೆಸರಿಸಿಯೇ ಹೇಳುತ್ತದೆ, ಪರಿಹಾರ ಕಟ್ಟಿಕೊಡಬೇಕಾದೀತು. ಅದೇ ಕೆಲಸ ಅಪ್ರಾಮಾಣಿಕತೆಯಿಂದಲೋ ಮೋಸದಿಂದಲೋ ಆಗಿದ್ದರೆ 66ನೆಯ ಕಲಂ ಬರುತ್ತದೆ: 3 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಒಂದು ಇಮೇಲ್ ಬರೆದು ಕೇಳಿದ್ದರೆ ಆ ಸಂಸ್ಥೆಯೇ ಇಡೀ ಫೈಲ್ ಕಳಿಸಿಕೊಡುತ್ತಿತ್ತೇನೋ.

ನಂಬಿ ಕೆಟ್ಟರೆ ಯಾರು ಹೊಣೆ?

ಪೀಣ್ಯದ ಕಾರ್ಮಿಕನೊಬ್ಬನ ಸಂಬಳ 18,000 ರೂಪಾಯಿ. ಯಾವುದೋ ತಾಣದಲ್ಲಿ ಕಾರ್ಮಿಕರ ವಿಮಾ ಯೋಜನೆಯಾದ ಇಎಸ್‌ಐಗೆ ಸಂಬಳದ ಮಿತಿ 15,000 ಎಂದು ಓದಿ, 'ನನಗಿಲ್ಲ ಬಿಡು' ಎಂದು ಸಾಲ ಮಾಡಿ ಖಾಸಗಿ ನರ್ಸಿಂಗ್ ಹೋಂಗೆ ಸೇರುತ್ತಾನೆ. ಆ ಪುಟ ಬರೆದ ದಿನ ಅದು ಸುಳ್ಳಾಗಿರಲಿಲ್ಲ. 2017ರ ಜನವರಿಯಿಂದ ಮಿತಿ 21,000ಕ್ಕೆ ಏರಿತು, ಪುಟ ಹಾಗೇ ಉಳಿಯಿತು. ಇವನು ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಹೋಗಬಹುದಿತ್ತು.

ಇಂಥದಕ್ಕೆಂದೇ ನಿಯಮಗಳಲ್ಲಿ 'ಇದು ಸಾಮಾನ್ಯ ಮಾಹಿತಿ, ಕಾನೂನು ಸಲಹೆಯಲ್ಲ; ನಷ್ಟಕ್ಕೆ ನಾವು ಹೊಣೆಯಲ್ಲ' ಎಂಬ ಸಾಲಿರುತ್ತದೆ. ಪ್ರಾಮಾಣಿಕವಾಗಿ ಆದ ತಪ್ಪಿನಲ್ಲಿ ಆ ಸಾಲು ಸಂಸ್ಥೆಯ ಬೆನ್ನಿಗೆ ನಿಲ್ಲಬಹುದು. ಬೇಕೆಂದೇ ಸುಳ್ಳು ಹೇಳಿ ಮೋಸ ಮಾಡಿದವರಿಗೆ ಅದು ಗುರಾಣಿಯಲ್ಲ. ಓದುವವರು ಮಾಡಬೇಕಾದದ್ದು ಇಷ್ಟು: ಪುಟ ಯಾವಾಗ ತಿದ್ದಿದ್ದೆಂದು ನೋಡುವುದು; ದುಡ್ಡು, ಆರೋಗ್ಯ, ಕೆಲಸದ ಸಂಗತಿಯಾದರೆ ಸರ್ಕಾರಿ ಅಧಿಸೂಚನೆಯೊಂದಿಗೆ ತಾಳೆ ಹಾಕುವುದು.

ನಿಮ್ಮ ವಿವರ, ನಿಮ್ಮ ಭಾಷೆ

ತಾಣ ನಿಮ್ಮ ಹೆಸರು, ಫೋನ್ ನಂಬರು ಕೇಳಿದ ಕೂಡಲೇ ಅದರ ಹೊಣೆಯೂ ಬೆಳೆಯುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಕಾಯ್ದೆ ಹಂತಹಂತವಾಗಿ ಜಾರಿಗೆ ಬರುತ್ತಿದೆ. ಒಪ್ಪಿಗೆ ಕೇಳುವಾಗ ಯಾವ ವಿವರ, ಯಾತಕ್ಕೆ ಎಂದು ತಿಳಿಸಬೇಕು. ಆ ತಿಳಿವಳಿಕೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಿ ಓದಿಕೊಳ್ಳುವ ಆಯ್ಕೆಯನ್ನೂ ಕೊಡಬೇಕು. ಕನ್ನಡ ಅವುಗಳಲ್ಲೊಂದು. ಇಂಗ್ಲಿಷ್ ಬಾರದೆಂದು ಕಣ್ಣುಮುಚ್ಚಿ ಗುಂಡಿ ಒತ್ತಬೇಕಾದ ಕಾಲ ಮುಗಿಯಬೇಕೆಂಬುದೇ ಇದರ ತಾತ್ಪರ್ಯ.

ಇದೇ ಕಾಯ್ದೆ ಬಳಸುವವರಿಗೂ ಕರ್ತವ್ಯ ಹೇಳಿದೆ. ವಿವರ ಕೊಡುವಾಗ ಬೇರೊಬ್ಬರ ಸೋಗು ಹಾಕಬಾರದು, ಹುರುಳಿಲ್ಲದ ದೂರು ಕೊಡಬಾರದು. ಮೀರಿದರೆ 10,000 ರೂಪಾಯಿವರೆಗೆ ದಂಡ.

ಕೊನೆಯದೊಂದು ಕೆಲಸ ಯಾವ ಕಾಯ್ದೆಯಲ್ಲೂ ಇಲ್ಲ. ಹಳೆಯ 15,000ದ ಅಂಕಿ ಕಣ್ಣಿಗೆ ಬಿದ್ದಾಗ, ಅದನ್ನು ತಿದ್ದಿ ಎಂದು ಸಂಸ್ಥೆಗೆ ಎರಡು ಸಾಲು ಬರೆಯುವುದು. ಅರವಟಿಗೆಯಲ್ಲಿ ಕುಡಿದ ಲೋಟವನ್ನು ತೊಳೆದು ಬೋರಲಿಟ್ಟು ಹೋಗುವವರು ಇರುತ್ತಾರಲ್ಲ, ಹಾಗೆ. ಮುಂದೆ ಬಾಯಾರಿ ಬರುವವರು ಇನ್ನೂ ಇದ್ದಾರೆ.