ಲೆಕ್ಕಕ್ಕೆ ಬಾರದ ಎಣ್ಣೆಯ ಡಬ್ಬಿ

ಹೋದ ಶ್ರಾವಣದ ಮೊದಲ ವಾರದಲ್ಲಿ ತಿಂಗಳ ಕಿರಾಣಿ ತರಲೆಂದು ಕೆಲಗೇರಿಯಿಂದ ಧಾರವಾಡ ಪೇಟೆಯ ಒಂದು ದೊಡ್ಡ ಮಳಿಗೆಗೆ ಹೋಗಿದ್ದೆವು. ಹಬ್ಬದ ದಿನಗಳು, ಗಲ್ಲೆಯ ಮುಂದೆ ಉದ್ದನೆಯ ಸಾಲು. ಅಂತೂ ಹಣ ತೆತ್ತು, ಚೀಲಗಳನ್ನು ಹೊತ್ತು ಮನೆ ಸೇರಿದೆವು. ಸಂಜೆ ಚೀಟಿಯನ್ನು ಖರ್ಚಿನ ಪುಸ್ತಕಕ್ಕೆ ಇಳಿಸುತ್ತಿದ್ದ ನಮ್ಮ ಮನೆಯವರು ಥಟ್ಟನೆ ಕೈ ತಡೆದರು. ತೊಗರಿಬೇಳೆಯಿತ್ತು, ಬೆಲ್ಲವಿತ್ತು, ಗೋದಿಯಿತ್ತು. ಐದು ಲೀಟರಿನ ಶೇಂಗಾ ಎಣ್ಣೆ ಮಾತ್ರ ಚೀಟಿಯಲ್ಲಿ ಎಲ್ಲಿಯೂ ಇರಲಿಲ್ಲ. ಭಾರದ ಡಬ್ಬಿಯೆಂದು ಅದನ್ನು ತಳ್ಳುಗಾಡಿಯ ಕೆಳತಟ್ಟೆಯಲ್ಲಿ ಇಟ್ಟಿದ್ದೆವು. ಗಲ್ಲೆಯಲ್ಲಿ ಕುಳಿತ ಹುಡುಗಿಯ ಕಣ್ಣಿಗೆ ಅದು ಬಿದ್ದಿರಲಿಲ್ಲ. ನಮ್ಮ ನೆನಪಿಗೂ ಬಂದಿರಲಿಲ್ಲ.

ಅಂದು ಮನೆಗೆ ಬಂದಿದ್ದ ಬೀಗರೊಬ್ಬರು ನಕ್ಕರು. ‘ಅಷ್ಟು ದೊಡ್ಡ ಅಂಗಡಿಗೆ ಇದೊಂದು ಲೆಕ್ಕವೇ? ಬೆಲೆ ಏರಿಸಿ ಅವರು ನಿಮ್ಮಿಂದ ಎಷ್ಟು ಕಿತ್ತಿಲ್ಲ!’ ಎಂದರು. ಆ ಮಾತು ಒಂದು ಗಳಿಗೆ ನಮಗೂ ಹಿತವಾಗಿಯೇ ಕೇಳಿಸಿತೆಂದು ಒಪ್ಪಿಕೊಳ್ಳುತ್ತೇವೆ. ಒಂಬೈನೂರು ರೂಪಾಯಿಗೂ ಮಿಕ್ಕಿದ ಎಣ್ಣೆ. ಕದ್ದದ್ದಲ್ಲ, ಕೇಳಿದ್ದಲ್ಲ, ತಾನಾಗಿ ಬಂದದ್ದು.

ಆದರೆ ನಷ್ಟ ಯಾರದು? ದೊಡ್ಡ ಅಂಗಡಿಗೆ ನಿಜವಾಗಿಯೂ ಅದು ಲೆಕ್ಕವಲ್ಲದಿರಬಹುದು. ಎಷ್ಟೋ ಮಳಿಗೆಗಳಲ್ಲಿ ಕಡಿಮೆ ಬಿದ್ದ ಲೆಕ್ಕವನ್ನು ಮಾಲೀಕರು ಹೊರುವುದಿಲ್ಲ. ಗಲ್ಲೆಯಲ್ಲಿ ಕುಳಿತವರ ಪಗಾರದಿಂದ ಮುರಿದುಕೊಳ್ಳುತ್ತಾರೆ. ಮುರಿಯದಿದ್ದರೂ ಸಂಶಯವಂತೂ ಅವರ ಮೇಲೆಯೇ. ಬೆಳಗಿನಿಂದ ರಾತ್ರಿಯವರೆಗೆ ದುಡಿಯುವ ಆ ಹುಡುಗಿಗೆ ನಮ್ಮ ಎಣ್ಣೆಯ ಡಬ್ಬಿ ಎಷ್ಟು ದಿನದ ಕೂಲಿಯಾದೀತು? ಬೀಗರು ಈ ಪ್ರಶ್ನೆಗೆ ಉತ್ತರ ಕೊಡಲಿಲ್ಲ, ಚಹಾ ಕುಡಿದರು.

ನಮ್ಮ ಮನೆಯವರ ನೆನಪಿಗೆ ಬಂದವರು ಆಯ್ದಕ್ಕಿ ಲಕ್ಕಮ್ಮನವರು. ಕಥೆ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಶರಣ ದಂಪತಿಗಳಲ್ಲಿ ಮಾರಯ್ಯನವರ ಕಾಯಕ, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಅವರು ಎಂದಿಗಿಂತ ಹೆಚ್ಚು ತಂದರು. ಅದು ಹೇಗೆ ಹೆಚ್ಚಾಯಿತೆಂಬುದನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಲಕ್ಕಮ್ಮನವರು ಮಾಡಿದ್ದನ್ನು ಮಾತ್ರ ಎಲ್ಲರೂ ಒಂದೇ ರೀತಿ ಹೇಳುತ್ತಾರೆ. ಅಂದಿನ ದಾಸೋಹಕ್ಕೆ ಬೇಕಾದಷ್ಟೇ ಸಾಕು, ಉಳಿದದ್ದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಗಂಡನನ್ನು ಮರಳಿ ಕಳಿಸಿದರು. ಗಮನಿಸಬೇಕಾದ ಮಾತೆಂದರೆ, ಆ ಅಕ್ಕಿಗೆ ಬೆಲೆ ಕೇಳುವವರೇ ಇರಲಿಲ್ಲ. ಕೆಳಗೆ ಚೆಲ್ಲಿದ ಕಾಳು, ಆಯ್ದರೆ ಬೇಡವೆನ್ನುವವರಿಲ್ಲ. ಹಾಗಿದ್ದೂ ಆ ತಾಯಿ ಹಿಂದಿರುಗಿಸಿದರು. ನಮ್ಮ ಡಬ್ಬಿಯ ಮೇಲಂತೂ ಬೆಲೆ ಅಚ್ಚಾಗಿಯೇ ಇತ್ತು!

ಶರಣರ ಮಾತು ಹಾಗಿರಲಿ, ನೆಲದ ಕಾನೂನೂ ಇದನ್ನು ಬಿಟ್ಟುಕೊಡುವುದಿಲ್ಲ. 1872ರ ಭಾರತೀಯ ಕರಾರು ಕಾಯಿದೆಯ 72ನೆಯ ಕಲಮಿನ ಪ್ರಕಾರ, ತಪ್ಪು ತಿಳಿವಳಿಕೆಯಿಂದ ಹಣವನ್ನಾಗಲಿ ವಸ್ತುವನ್ನಾಗಲಿ ಪಡೆದವನು ಅದನ್ನು ಹಿಂದಿರುಗಿಸಲೇಬೇಕು. ಮಾರಿದ ಸರಕಿನ ಬೆಲೆಗಾಗಿ ದಾವೆ ಹೂಡಲು 1963ರ ಕಾಲಮಿತಿ ಕಾಯಿದೆ ಮೂರು ವರ್ಷಗಳ ಅವಕಾಶವನ್ನೂ ಕೊಟ್ಟಿದೆ. ಎಣ್ಣೆಯ ಡಬ್ಬಿಗಾಗಿ ಯಾರೂ ಕೋರ್ಟಿನ ಮೆಟ್ಟಿಲು ಹತ್ತಲಾರರು, ಆ ಮಾತು ಬೇರೆ.

ಮರುದಿನ ಹೊರಡುವಾಗ ‘ದುಡ್ಡನ್ನು ಆ ಹುಡುಗಿಯ ಕೈಯಲ್ಲಿಟ್ಟು ಬಂದುಬಿಡೋಣ’ ಎಂದು ನಾವು ಅಂದುಕೊಂಡೆವು. ಅದು ತಪ್ಪೆಂದು ಕಿರಾಣಿ ಅಂಗಡಿ ನಡೆಸುವ ನೆರೆಯವರು ತಿಳಿಸಿದರು. ಚೀಟಿಯಿಲ್ಲದೆ ಹಣ ಕೊಟ್ಟರೆ ಗಲ್ಲೆಯಲ್ಲಿ ಹಣ ಹೆಚ್ಚು, ದಾಸ್ತಾನಿನಲ್ಲಿ ಡಬ್ಬಿ ಕಡಿಮೆ. ಎರಡು ಕಡೆಯೂ ಲೆಕ್ಕ ತಪ್ಪಿ ಅವಳು ಎರಡು ಬಾರಿ ಉತ್ತರ ಹೇಳಬೇಕಾಗುತ್ತದೆ. ಹಳೆಯ ಚೀಟಿಯನ್ನು ತೋರಿಸಿ, ಬಿಟ್ಟುಹೋದ ವಸ್ತುವೊಂದಕ್ಕೇ ಹೊಸ ಚೀಟಿ ಮಾಡಿಸಿ ಹಣ ಕೊಡುವುದೇ ಸರಿಯಾದ ದಾರಿ. ವಸ್ತು ಬೇಡವಾಗಿದ್ದರೆ ತೆರೆಯದೆ ಮರಳಿಸಬಹುದು. ದೂರದ ಊರಿನವರು ಮೊದಲು ಚೀಟಿಯ ಮೇಲಿನ ದೂರವಾಣಿ ಸಂಖ್ಯೆಗೆ ತಿಳಿಸಿ, ಮುಂದಿನ ಸಂತೆಗೆ ಬಂದಾಗ ಕೊಟ್ಟರೂ ಆದೀತು. ಸಾಲಿನಲ್ಲಿ ನಿಂತವರೆಲ್ಲರಿಗೂ ಕೇಳಿಸುವಂತೆ ‘ನೀನು ಲೆಕ್ಕ ಹಾಕಿಲ್ಲ’ ಎಂದು ಕೂಗಿ ಪ್ರಾಮಾಣಿಕರೆನ್ನಿಸಿಕೊಳ್ಳುವವರೂ ಉಂಟು. ಅಂಥ ಪ್ರಾಮಾಣಿಕತೆಗಿಂತ ಎಣ್ಣೆ ಇಟ್ಟುಕೊಂಡದ್ದೇ ಮೇಲೆಂದು ಹುಡುಗಿಗೆ ಅನ್ನಿಸೀತು!

ಇತ್ತೀಚೆಗೆ ಇನ್ನೊಂದು ಬಗೆಯೂ ಸೇರಿಕೊಂಡಿದೆ. 2016ರಲ್ಲಿ ಯುಪಿಐ ಬಂದ ಮೇಲೆ ಕೆಲಗೇರಿಯ ಕಾಯಿಪಲ್ಲೆಯ ಬುಟ್ಟಿಯ ಮುಂದೆಯೂ ಚೌಕುಳಿ ಚಿತ್ರದ ಫಲಕ ನಿಂತಿದೆ. ಕೆಲವೊಮ್ಮೆ ನಮ್ಮ ಖಾತೆಯಿಂದ ಹಣ ಕಡಿತವಾದ ಸಂದೇಶ ಬರುತ್ತದೆ, ಅಂಗಡಿಯವರಿಗೆ ಮುಟ್ಟಿರುವುದಿಲ್ಲ. ನಂಬಿಕೆಯ ಮೇಲೆ ಅವರು ಸಾಮಾನು ಕೊಟ್ಟು ಕಳಿಸುತ್ತಾರೆ. ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಸುತ್ತೋಲೆಯಂತೆ, ಇಂಥ ಹಣ ವ್ಯವಹಾರದ ದಿನದಿಂದ ಐದು ದಿನಗಳೊಳಗೆ ಗ್ರಾಹಕರ ಖಾತೆಗೆ ತಾನಾಗಿ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರವೂ ಸಲ್ಲಬೇಕು. ಗ್ರಾಹಕರಿಗೆ ಇದು ಒಳ್ಳೆಯ ರಕ್ಷಣೆಯೇ. ಆದರೆ ಐದನೆಯ ದಿನ ಸದ್ದಿಲ್ಲದೆ ಮರಳಿದ 60 ರೂಪಾಯಿಯನ್ನು ಯಾರು ಗಮನಿಸುತ್ತಾರೆ? ನಾವು ಕೊಟ್ಟೆವೆಂದು ನಂಬಿರುತ್ತೇವೆ, ಬದನೆಕಾಯಿ ಮಾರಿದ ಮುದುಕಿಗೆ ಮುಟ್ಟಿರುವುದೇ ಇಲ್ಲ. ಆದ್ದರಿಂದ ಪಾವತಿಯಲ್ಲಿ ಸಂಶಯ ಬಂದ ದಿನ ಆ ವ್ಯವಹಾರದ ಹನ್ನೆರಡು ಅಂಕಿಗಳ ಸಂಖ್ಯೆಯನ್ನು ಬರೆದಿಟ್ಟು, ವಾರದ ಬಳಿಕ ಬ್ಯಾಂಕಿನ ಖಾತೆಯನ್ನೊಮ್ಮೆ ನೋಡಬೇಕು. ಮರಳಿದ್ದರೆ ಮತ್ತೆ ಕೊಡಬೇಕು. ದೊಡ್ಡ ಮಳಿಗೆಗೆ ಸಂಜೆ ಲೆಕ್ಕ ಹೊಂದಿಸುವ ಗುಮಾಸ್ತರಿದ್ದಾರೆ; ಮುದುಕಿಗೆ ನಾವೇ ಗುಮಾಸ್ತರು.

ಹಾಗೆಂದು ಪ್ರತಿಯೊಂದು ಅಗ್ಗಕ್ಕೂ ಮನಸ್ಸನ್ನು ಹಿಂಡಿಕೊಳ್ಳಬೇಕಿಲ್ಲ. ಪೊಟ್ಟಣದ ಮೇಲೆ ಮುದ್ರಿತವಾದದ್ದು ಗರಿಷ್ಠ ಬೆಲೆ. ಅದಕ್ಕಿಂತ ಕಡಿಮೆಗೆ ಮಾರಲು ಅಂಗಡಿಯವರಿಗೆ ಅಡ್ಡಿಯಿಲ್ಲ. ಮಾಲೀಕರೇ ತಿಳಿದೂ ‘ಇರಲಿ ಬಿಡಿ’ ಎಂದರೆ ಅದು ಅವರ ಕೊಡುಗೆ. ಗಲ್ಲೆಯ ಹುಡುಗಿ ಹಾಗೆಂದರೆ ಒಪ್ಪಬಾರದು. ತನ್ನದಲ್ಲದ್ದನ್ನು ಅವಳು ಹೇಗೆ ಕೊಟ್ಟಾಳು?

ನಮ್ಮ ಹುಡುಗಿ ಹಾಗೇನೂ ಅನ್ನಲಿಲ್ಲ. ಚೀಟಿ ನೋಡಿದಳು, ಡಬ್ಬಿಯ ಹೆಸರು ಕೇಳಿದಳು, ಒಮ್ಮೆ ಹಿಂದಿರುಗಿ ಮೇಲ್ವಿಚಾರಕರ ಕೋಣೆಯತ್ತ ನೋಡಿದಳು. ‘ರಾತ್ರಿ ಇನ್ನೂ ಎಣಿಕೆ ಆಗಿಲ್ಲರೀ’ ಎಂದಷ್ಟೇ ಹೇಳಿ ಹೊಸ ಚೀಟಿ ಹರಿದುಕೊಟ್ಟಳು. ಎರಡೂ ಚೀಟಿಗಳನ್ನು ನಮ್ಮ ಮನೆಯವರು ಖರ್ಚಿನ ಪುಸ್ತಕದಲ್ಲಿ ಒಂದೇ ಗುಂಡುಪಿನ್ನಿಗೆ ಚುಚ್ಚಿಟ್ಟಿದ್ದಾರೆ.